ಕಲ್ಲು, ಕಂಬ, ಮೂರ್ತಿ : ಕಾಠಿನ್ಯವಾಚಕ ಶಬ್ದಗಳ ವಿಚಾರ

ವೈಶಾಖ ಶುದ್ಧ ಚತುರ್ದಶಿಯು, ಎಂದರೆ ಶ್ರೀ ನರಸಿಂಹ ಜಯಂತಿಯು, ನಮ್ಮ ಎಕಂಬಾ ಸೀಮೆಯಲ್ಲಿ ಕಡುಬೇಸಗೆಯ ನಡುವೆ ಬರುವ ಪರ್ವ. ಮಳೆಗಾಲದಲ್ಲಿ ಕಾಲಿಟ್ಟರೆ ಹೂತುಹೋಗುವ ಎರೆಭೂಮಿಯು ಆ ಹೊತ್ತಿಗೆ ಬಿಸಿಲಿನಲ್ಲಿ ಒಣಗಿ, ಬಿರಿದು, ಹೆಂಟೆಹೆಂಟೆಯಾಗಿ ಗಡಸಾಗಿರುತ್ತದೆ. ಅದೇ ಮಣ್ಣು, ಅದೇ ಹೊಲ. ಆದರೆ ಆಷಾಢದಲ್ಲಿ ಅದನ್ನು ನೋಡಿದವನು ವೈಶಾಖದಲ್ಲಿ ಗುರುತಿಸಲಾರ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಜಯಂತಿಯ ಸಾಯಂಕಾಲ, ಪ್ರದೋಷಪೂಜೆಯು ಮುಗಿದ ಮೇಲೆ, ನಾನು ಪ್ರಹ್ಲಾದಚರಿತ್ರೆಯನ್ನು ಕುರಿತು ಚಿಕ್ಕದೊಂದು ಪ್ರವಚನವನ್ನು ಮಾಡಿದೆನು. ಪಾಠಶಾಲೆಯ ಅಧ್ಯಯನವೂ ಬಿ.ಎ. ಪದವಿಯೂ ಆಗ ಹೊಸದಾಗಿದ್ದವು; ಹೇಳಬೇಕೆಂಬ ಉತ್ಸಾಹವು ಕೇಳಬೇಕೆಂಬ ತಾಳ್ಮೆಗಿಂತ ಹೆಚ್ಚಾಗಿತ್ತು.

ಪ್ರವಚನವು ಮುಗಿದು ಪಾನಕ ಕೋಸಂಬರಿಗಳ ವಿನಿಯೋಗವು ನಡೆದಿರುವಾಗ ವೃದ್ಧೆಯೊಬ್ಬರು ಹತ್ತಿರ ಬಂದು, “ಎದಿ ಕಲ್ಲಾಗ್ಯಾದ್ರಿ ಆಚಾರ್ರೇ. ಕಣ್ಣಾಗ ನೀರು ಬರವಲ್ದು, ಬಾಯಾಗ ದೇವರ ಹೆಸರೂ ಬರವಲ್ದು. ಏನ್ ಮಾಡಬೇಕ್ರಿ?” ಎಂದು ಕೇಳಿದರು. ನಾನು ಕ್ಷಣವೂ ಯೋಚಿಸದೆ, ಕಠಿಣಹೃದಯವು ಆಸುರೀ ಸಂಪತ್ತಿಗೆ ಸೇರಿದ್ದೆಂದೂ, ಗೀತೆಯ ಹದಿನಾರನೆಯ ಅಧ್ಯಾಯವನ್ನು ದಿನಾಲು ಕೇಳಬೇಕೆಂದೂ ಉತ್ತರವಿತ್ತೆನು. ಆಕೆ ಕೈಮುಗಿದು, ಪಾನಕವನ್ನು ತೆಗೆದುಕೊಳ್ಳದೆ ಹೊರಟುಹೋದರು.

ರಾತ್ರಿ ಗುಡಿಯ ಬಾಗಿಲನ್ನು ಹಾಕುತ್ತ ನಮ್ಮ ತಂದೆಯವರು, “ಆಕಿ ಕೇಳಿದ್ದು ಒಂದು, ನೀ ಹೇಳಿದ್ದು ಒಂದು. ಹ್ವಾದ ಕಾರ್ತಿಕದಾಗ ಆಕಿ ಮಗ ತೀರಿಕೊಂಡಾನ. ಅಂದಿನಿಂದ ಆಕಿ ಅತ್ತಿಲ್ಲ” ಎಂದರು. ಅದಕ್ಕಿಂತ ಹೆಚ್ಚೇನನ್ನೂ ಅವರು ಹೇಳಲಿಲ್ಲ.

ನಾನು ಬಳಸಿದ ‘ಕಠಿಣ’ ಎಂಬ ಶಬ್ದವೂ ಆಕೆ ಬಳಸಿದ ‘ಕಲ್ಲು’ ಎಂಬ ಶಬ್ದವೂ ಒಂದೇ ಅರ್ಥದವೆಂದು ತಿಳಿದದ್ದೇ ನನ್ನ ಪ್ರಮಾದಕ್ಕೆ ಮೂಲವಾಗಿತ್ತು. ಆದಕಾರಣ ಕಾಠಿನ್ಯವನ್ನು ಹೇಳುವ ಶಬ್ದಗಳನ್ನು ಒಂದೊಂದಾಗಿ ತೆಗೆದು ನೋಡುವ ಕೆಲಸವನ್ನು ಅಂದಿನಿಂದ ಕೈಗೊಂಡೆನು. ಅದರ ಸಾರವನ್ನು ಈ ಪತ್ರಿಕೆಯ ಸಜ್ಜನ ವಾಚಕರ ಮುಂದೆ ಇರಿಸುತ್ತಿದ್ದೇನೆ.

ಗಟ್ಟಿ, ಬಲಿತದ್ದು, ಕಡಕ್ಕು

ಮೊದಲು ಮನೆಯ ಮಾತುಗಳನ್ನು ನೋಡೋಣ. ಕನ್ನಡದಲ್ಲಿ ಕಾಠಿನ್ಯಕ್ಕೆ ಎಲ್ಲರ ಬಾಯಲ್ಲಿರುವ ಶಬ್ದ ‘ಗಟ್ಟಿ’. ಇದು ದ್ರಾವಿಡ ಮೂಲದ್ದು. ತೆಲುಗಿನಲ್ಲಿಯೂ ‘ಗಟ್ಟಿ’ಯೇ, ತಮಿಳಿನಲ್ಲಿ ‘ಕಟ್ಟಿ’ ಎಂದರೆ ಗಡ್ಡೆ, ಹೆಂಟೆ, ಹೆಪ್ಪಾದ ವಸ್ತು. ಆದರೆ ಕನ್ನಡಿಗರು ಈ ಶಬ್ದವನ್ನು ಎಷ್ಟು ಅರ್ಥಗಳಲ್ಲಿ ಬಳಸುತ್ತಾರೆಂಬುದನ್ನು ಗಮನಿಸಬೇಕು. ಗಟ್ಟಿ ಮೊಸರು ಎಂದರೆ ನೀರಿಲ್ಲದ ಮೊಸರು. ಗಟ್ಟಿ ಬಂಗಾರವೆಂದರೆ ಒಳಗೆ ಪೊಳ್ಳಿಲ್ಲದ ಬಂಗಾರ. ಗಟ್ಟಿ ಕಾಳೆಂದರೆ ಜೊಳ್ಳಲ್ಲದ ಕಾಳು. ಗಟ್ಟಿ ಜೀವವೆಂದರೆ ಎಂಬತ್ತರಲ್ಲಿಯೂ ಊರುಗೋಲಿಲ್ಲದೆ ನಡೆಯುವ ಜೀವ. ಗಟ್ಟಿಯಾಗಿ ಓದು ಎಂದರೆ ಎತ್ತರದ ಧ್ವನಿಯಲ್ಲಿ ಓದು. ಪಾಠಶಾಲೆಯಲ್ಲಿ ಪಾಠವನ್ನು ‘ಗಟ್ಟಿ ಮಾಡು’ ಎಂದರೆ ಮರೆಯದಂತೆ ಕಂಠಸ್ಥ ಮಾಡು. ಸಮರ್ಥನಾದವನು ‘ಗಟ್ಟಿಗ’. ಇವುಗಳಲ್ಲಿ ಒಂದಾದರೂ ನಿಂದೆಯ ಮಾತಲ್ಲ. ಒಳಗೆ ತುಂಬಿಕೊಂಡಿರುವುದೇ ಗಟ್ಟಿಯ ಲಕ್ಷಣ.

ಇದರ ಜೊತೆಗೆ ‘ಕಟ್ಟು’ ಎಂಬ ಧಾತುವನ್ನು ಇಟ್ಟು ನೋಡಬೇಕು. ಸಮಾಸದಲ್ಲಿ ಇದರ ಕಕಾರವು ಗಕಾರವಾಗುತ್ತದೆ: ಹೆಪ್ಪುಗಟ್ಟು, ಹರಳುಗಟ್ಟು, ಮಂಜುಗಟ್ಟು, ಹುರಿಗಟ್ಟು. ಗಟ್ಟಿ ಮತ್ತು ಕಟ್ಟು ಇವೆರಡೂ ಒಂದೇ ಬೇರಿನವೆಂದು ಹಟ ಹಿಡಿಯಬೇಕಾಗಿಲ್ಲ. ನಿಘಂಟುಕಾರರು ಇವನ್ನು ಬೇರೆಬೇರೆಯಾಗಿಯೇ ಕೊಡುತ್ತಾರೆ. ಆದರೆ ಬಳಕೆಯಲ್ಲಿ ಇವು ಜೊತೆಗೂಡಿ ನಡೆದಿವೆ. ಹರಿಯುವುದು ನಿಂತು ತನ್ನನ್ನು ತಾನೇ ಕಟ್ಟಿಕೊಳ್ಳುವುದು, ಇದೇ ಕನ್ನಡಿಗನ ಕಣ್ಣಿನಲ್ಲಿ ಗಟ್ಟಿಯಾಗುವ ಕ್ರಿಯೆ. ಹಾಲಿಗೆ ಹೆಪ್ಪನ್ನು ಹಾಕಿದ ಗೃಹಿಣಿಯು ಇದನ್ನು ದಿನವೂ ನೋಡುತ್ತಾಳೆ. ಕದಡಿದ ಹಾಲು ಮೊಸರಾಗಲಾರದು. ಅಲುಗದಂತೆ ಇಟ್ಟಾಗಲೇ ಅದು ಕಟ್ಟುತ್ತದೆ.

ಮತ್ತೊಂದು ಶಬ್ದ ‘ಬಲಿ’. ಬಲಿತ ತೆಂಗಿನಕಾಯಿ, ಬಲಿತ ಬೆಂಡೆಕಾಯಿ, ಬಲಿತ ಬಿದಿರು ಎನ್ನುತ್ತೇವೆ. ‘ಬಲ್’ ಎಂದರೆ ಶಕ್ತಿ. ತಮಿಳಿನ ‘ವಲಿ’ ಇದರ ಸೋದರಿ. ಬಲ್ಲಿದ, ಬಲ್ಮೆ ಎಂಬ ಹಳಗನ್ನಡದ ರೂಪಗಳೂ ಈ ಬೇರಿನವೇ. ಇಲ್ಲಿ ಗಟ್ಟಿಯಾಗುವುದಕ್ಕೂ ಬೆಳೆಯುವುದಕ್ಕೂ ಭೇದವಿಲ್ಲ. ಎಳೆಯದು ಮೆತ್ತಗಿರುತ್ತದೆ, ಬೆಳೆದದ್ದು ಗಟ್ಟಿಯಾಗುತ್ತದೆ. ಎಳನೀರು ಕಾಯಿಯಾಗುವುದು ದೋಷವಲ್ಲವಷ್ಟೆ! ದೇವರಿಗೆ ಒಡೆಯುವುದು ಬಲಿತ ಕಾಯಿಯನ್ನೇ.

ಇವುಗಳಿಗಿಂತ ಭಿನ್ನವಾದದ್ದು ‘ಕಡು’. ಕಡುಕೋಪ, ಕಡುಬಿಸಿಲು, ಕಡುಬಡತನ ಎಂಬಲ್ಲಿ ತೀಕ್ಷ್ಣತೆಯ ಅರ್ಥವಿದೆ. ಇದರ ಕುಟುಂಬದ್ದೇ ‘ಗಡಸು’. ಗಡಸು ಧ್ವನಿ, ಗಡಸು ನೀರು ಎಂಬವು ಎಲ್ಲರಿಗೂ ಪರಿಚಿತ. ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಹೆಚ್ಚಾಗಿ ಕರಗಿದ್ದರೆ ಅದು ಗಡಸು ನೀರಾಗುತ್ತದೆ. ತೊಗರಿಬೇಳೆ ಅದರಲ್ಲಿ ಬೇಗ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ. ಕಣ್ಣಿಗೆ ತಿಳಿಯಾದ ನೀರೇ; ಮುಟ್ಟಿದರೆ ಮೃದುವೇ. ಆದರೂ ಬೇಯಿಸಲಾರದ, ಕೂಡಿಸಿಕೊಳ್ಳಲಾರದ ಗುಣವನ್ನು ನೋಡಿ ಜನರು ಅದನ್ನು ಗಡಸೆಂದರು. ನೀರಿಗೂ ಕಾಠಿನ್ಯವನ್ನು ಹೇಳಬಹುದಾದರೆ, ಕಾಠಿನ್ಯವು ಮುಟ್ಟಿ ತಿಳಿಯುವ ಗುಣ ಮಾತ್ರವಲ್ಲವೆಂದು ಸಿದ್ಧವಾಯಿತು.

ನಮ್ಮ ಗಡಿಸೀಮೆಯಲ್ಲಿ ಮರಾಠಿ, ತೆಲುಗು, ಉರ್ದುಗಳು ಕನ್ನಡದೊಡನೆ ಒಂದೇ ಅಂಗಳದಲ್ಲಿ ಆಡಿಕೊಂಡಿವೆ. ೧೯೪೮ರ ಸೆಪ್ಟೆಂಬರದವರೆಗೆ ಈ ಭಾಗವು ನಿಜಾಮರ ಆಡಳಿತದಲ್ಲಿದ್ದು, ೧೯೫೬ರ ನವೆಂಬರ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಆದಕಾರಣ ಪಾರಸಿಯ ‘ಸಖ್ತ’ ಶಬ್ದವು ಉರ್ದುವಿನ ಮೂಲಕವೂ, ‘ಕಡಕ್’ ಶಬ್ದವು ಮರಾಠಿಯ ಮೂಲಕವೂ ನಮ್ಮ ಬಾಯಿಗೆ ಬಂದಿವೆ. ಕಡಕ್ ರೊಟ್ಟಿಯನ್ನು ಅರಿಯದವರು ಈ ಭಾಗದಲ್ಲಿ ಯಾರಿದ್ದಾರೆ? ಬಿಸಿಯಾದ ಜೋಳದ ರೊಟ್ಟಿಯು ಮೆತ್ತಗಿರುತ್ತದೆ, ಮರುದಿನಕ್ಕೆ ಕೆಡುತ್ತದೆ. ಅದನ್ನೇ ಒಣಗಿಸಿ ಕಡಕ್ಕಾಗಿಸಿದರೆ ಬಹುದಿನ ಉಳಿಯುತ್ತದೆ, ಪ್ರವಾಸಕ್ಕೆ ಬುತ್ತಿಯಾಗುತ್ತದೆ. ನೀರನ್ನು ಬಿಟ್ಟುಕೊಟ್ಟು ಬಾಳನ್ನು ಪಡೆದದ್ದು ಅದು.

‘ಜಡ್ಡು’ ಎಂಬ ಶಬ್ದವನ್ನೂ ಇಲ್ಲಿ ಹೇಳಬೇಕು. ದಕ್ಷಿಣದವರು ದುಡಿದ ಅಂಗೈಯು ‘ಜಡ್ಡುಗಟ್ಟಿದೆ’ ಎಂದರೆ ಚರ್ಮವು ದಪ್ಪಗಾಗಿ ಗಟ್ಟಿಯಾಯಿತೆಂದು ಅರ್ಥ. ನಮ್ಮ ಕಡೆ ಜಡ್ಡೆಂದರೆ ರೋಗ. ಒಂದೇ ಶಬ್ದವು ಒಂದು ಸೀಮೆಯಲ್ಲಿ ದುಡಿಮೆಯ ಗುರುತು, ಇನ್ನೊಂದು ಸೀಮೆಯಲ್ಲಿ ಬೇನೆಯ ಹೆಸರು. ಗಂಧವನ್ನು ತೇಯ್ದು ತೇಯ್ದು ನಮ್ಮ ತಂದೆಯವರ ಬೆರಳುಗಳು ಹೀಗೆ ಗಟ್ಟಿಯಾಗಿವೆ. ಅದನ್ನು ರೋಗವೆನ್ನಲು ನನಗೆ ಮನಸ್ಸು ಬಾರದು.

ಕಲ್ಲು ಮತ್ತು ಸಕ್ಕರೆ

‘ಕಲ್ಲು’ ಶಬ್ದವು ತಮಿಳಿನಲ್ಲಿ ‘ಕಲ್’ ಎಂದೂ ಮಲಯಾಳದಲ್ಲಿ ‘ಕಲ್ಲ್’ ಎಂದೂ ಇದೆ. ಕಲ್ಲೆದೆ ಎಂಬಲ್ಲಿ ನಿಂದೆಯಿದೆ, ನಿಜ. ಆದರೆ ಎಲ್ಲ ಕಲ್ಲೂ ಕರಗದ್ದಲ್ಲ. ಚೈತ್ರ ವೈಶಾಖಗಳ ಅಡ್ಡಮಳೆಯಲ್ಲಿ ಬೀಳುವ ಆಲಿಕಲ್ಲು ಹೆಸರಿನಿಂದ ಕಲ್ಲು, ಸ್ವರೂಪದಿಂದ ನೀರು. ಕಲ್ಲುಪ್ಪು ನೀರಿಗೆ ಬಿದ್ದರೆ ಕಾಣದಾಗುತ್ತದೆ. ಕಲ್ಲುಸಕ್ಕರೆಯು ಬಾಯಲ್ಲಿ ಕರಗುತ್ತದೆ. ಪುರಂದರದಾಸರು ಹರಿನಾಮವನ್ನು ಅದಕ್ಕೆ ಹೋಲಿಸಿ ಹಾಡಿರುವುದು ಸರ್ವವಿದಿತ.

ಇಲ್ಲಿ ಒಂದು ಸ್ವಾರಸ್ಯವುಂಟು. ‘ಸಕ್ಕರೆ’ಯು ಸಂಸ್ಕೃತದ ‘ಶರ್ಕರಾ’ ಶಬ್ದದ ತದ್ಭವ. ಶರ್ಕರಾ ಎಂದರೆ ಮೊದಲ ಅರ್ಥ ಹರಳು, ನೊರಜುಗಲ್ಲು. ಕಬ್ಬಿನ ಹಾಲು ಕಾದು ಹರಳುಗಟ್ಟಿದಾಗ ಅದು ನೊರಜುಗಲ್ಲಿನಂತೆ ಕಂಡದ್ದರಿಂದ ಅದಕ್ಕೂ ಅದೇ ಹೆಸರಾಯಿತು. ಈ ಶಬ್ದವೇ ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಎಂದಾಗಿ, ಮುಂದೆ ಯುರೋಪಿನ ಭಾಷೆಗಳಿಗೆ ಹೋಗಿ ಇಂಗ್ಲಿಷಿನ ‘ಶುಗರ್’ ಆಯಿತು. ಹಾಗಾದರೆ ಕಲ್ಲುಸಕ್ಕರೆ ಎಂದರೆ ಶಬ್ದಾರ್ಥದಿಂದ ‘ಕಲ್ಲಿನ ಕಲ್ಲು’! ಲೋಕದ ಸಿಹಿಯೆಲ್ಲ ಕಲ್ಲಿನ ಹೆಸರನ್ನು ಹೊತ್ತು ತಿರುಗುತ್ತಿದೆ.

ಕಠಿನ, ಕಠೋರ, ದೃಢ

ಇನ್ನು ಸಂಸ್ಕೃತ ಶಬ್ದಗಳು. ನಾವು ‘ಕಠಿಣ’ ಎಂದು ಬರೆಯುತ್ತೇವೆ, ಮರಾಠಿಯಲ್ಲಿಯೂ ಣಕಾರವೇ. ಆದರೆ ಸಂಸ್ಕೃತದ ಮೂಲರೂಪವು ‘ಕಠಿನ’. ಭಾವವಾಚಕವಾದ ‘ಕಾಠಿನ್ಯ’ದಲ್ಲಿ ಕನ್ನಡಿಗರೂ ನಕಾರವನ್ನೇ ಉಳಿಸಿಕೊಂಡಿದ್ದೇವೆ. ಧಾತುಪಾಠದಲ್ಲಿ ‘ಕಠ’ ಎಂಬ ಧಾತುವಿಗೆ ‘ಕಷ್ಟದಿಂದ ಬಾಳುವುದು’ ಎಂಬ ಅರ್ಥವನ್ನು ಕೊಟ್ಟಿದೆ. ವೈಯಾಕರಣರು ಕಠಿನ, ಕಠೋರ ಶಬ್ದಗಳನ್ನು ಈ ಧಾತುವಿನಿಂದಲೇ ಸಾಧಿಸುತ್ತಾರೆ. ಆಧುನಿಕ ಭಾಷಾಶಾಸ್ತ್ರಜ್ಞರಲ್ಲಿ ಕೆಲವರು ಕಠಿನವು ‘ಗಟ್ಟಿ’ಯಂಥ ದ್ರಾವಿಡ ಶಬ್ದದಿಂದಲೇ ಸಂಸ್ಕೃತಕ್ಕೆ ಹೋಗಿರಬಹುದೆಂದು ಅಭಿಪ್ರಾಯಪಡುತ್ತಾರೆ. ಎರಡು ಪಕ್ಷಗಳನ್ನೂ ವಾಚಕರು ತಿಳಿದಿರಲಿ. ಕಠೋಪನಿಷತ್ತು ಮಾತ್ರ ಕಠಿಣವಾದ ಉಪನಿಷತ್ತೆಂಬ ಅರ್ಥದ್ದಲ್ಲ. ಅದರ ಹೆಸರು ಕಠಶಾಖೆಯಿಂದ ಬಂದದ್ದು.

ಶಾಸ್ತ್ರದ ವ್ಯುತ್ಪತ್ತಿಯನ್ನು ಹಿಡಿದು ನೋಡಿದರೆ, ಕಠಿನನೆಂದರೆ ಪರರಿಗೆ ಕಷ್ಟವನ್ನು ಕೊಡುವವನಲ್ಲ, ತಾನು ಕಷ್ಟದಿಂದ ಬಾಳಿದವನು. ಈ ಅರ್ಥವನ್ನು ಪಾಠಶಾಲೆಯಲ್ಲಿ ನಾನು ಕಂಠಸ್ಥ ಮಾಡಿದ್ದೆನು. ಜಯಂತಿಯ ರಾತ್ರಿ ಅದು ನನಗೆ ನೆನಪಾಗಲಿಲ್ಲ.

‘ಕಠೋರ’ವು ಇನ್ನೂ ವಿಚಿತ್ರವಾದದ್ದು. ಇಂದು ಕಠೋರನೆಂದರೆ ನಿರ್ದಯನೆಂದೇ ತಿಳಿಯುತ್ತೇವೆ. ಕಾವ್ಯಗಳಲ್ಲಾದರೋ ಇದಕ್ಕೆ ‘ಪೂರ್ಣವಾಗಿ ಬೆಳೆದದ್ದು’ ಎಂಬ ಅರ್ಥವೂ ಉಂಟು. ಭವಭೂತಿಯು ಉತ್ತರರಾಮಚರಿತದಲ್ಲಿ ದಿನತುಂಬಿದ ಸೀತಾದೇವಿಯನ್ನು ‘ಕಠೋರಗರ್ಭಾ’ ಎಂದು ಕರೆದಿದ್ದಾನೆ. ಅಲ್ಲಿ ನಿರ್ದಯತೆಯ ಗಂಧವೂ ಇಲ್ಲ. ಕನ್ನಡದ ‘ಬಲಿತ’ ಎಂಬುದು ಯಾವುದೋ, ಸಂಸ್ಕೃತದ ಈ ಕಠೋರವು ಅದೇ.

‘ದೃಢ’ ಶಬ್ದವೂ ಇದನ್ನೇ ಹೇಳುತ್ತದೆ. ಇದರ ಧಾತುವಿಗೆ ‘ವೃದ್ಧಿ’ ಎಂದು ಅರ್ಥ. ಪಾಣಿನಿಯು ಸ್ಥೂಲ ಮತ್ತು ಬಲವಂತ ಎಂಬ ಅರ್ಥಗಳಲ್ಲಿ ಈ ರೂಪವನ್ನು ಸಾಧುವೆಂದು ತಿಳಿಸಲು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ರಚಿಸಿದ್ದಾನೆ. ತಹಸೀಲ ಕಚೇರಿಯಲ್ಲಿ ನಾವು ಬೇಡುವ ‘ದೃಢೀಕರಣ ಪತ್ರ’ದವರೆಗೂ ಈ ಶಬ್ದವು ಬಂದಿದೆ. ಗೀತೆಯಲ್ಲಿ ಭಗವಂತನು ಭಕ್ತರನ್ನು ದೃಢವ್ರತರೆಂದೂ ದೃಢನಿಶ್ಚಯರೆಂದೂ ಹೊಗಳುತ್ತಾನೆ. ಅದೇ ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ‘ಮಾರ್ದವ’ವು, ಎಂದರೆ ಮೃದುತ್ವವು, ದೈವೀ ಸಂಪತ್ತಿನಲ್ಲಿ ಸೇರಿದೆ, ‘ಪಾರುಷ್ಯ’ವು ಆಸುರೀ ಸಂಪತ್ತಿನಲ್ಲಿ ಸೇರಿದೆ. ಪರುಷವೆಂದರೆ ಗಂಟುಗಂಟಾದದ್ದು, ಒರಟಾದದ್ದು. ಗಿಣ್ಣಿಗೆ ಸಂಸ್ಕೃತದಲ್ಲಿ ‘ಪರುಸ್’ ಎಂದು ಹೆಸರು. (ಕಬ್ಬಿಣವನ್ನು ಚಿನ್ನವಾಗಿಸುವುದೆಂಬ ಪರುಷಮಣಿಯ ಪರುಷವು ಬೇರೆ, ಅದು ಸ್ಪರ್ಶಶಬ್ದದ ತದ್ಭವ.) ದೃಢತೆಯೂ ಮೃದುತ್ವವೂ ಒಬ್ಬನಲ್ಲಿಯೇ ಇರಬೇಕೆಂದಾಯಿತು. ಇವು ಪರಸ್ಪರ ವಿರುದ್ಧವಲ್ಲವೇ?

ವಿರುದ್ಧವಲ್ಲವೆಂಬುದಕ್ಕೆ ಶ್ರೀಮದಾಚಾರ್ಯರ ಮಾತೇ ಪ್ರಮಾಣ. ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲನೆಯ ಅಧ್ಯಾಯದಲ್ಲಿ ಅವರು ಭಕ್ತಿಯ ಲಕ್ಷಣವನ್ನು ಹೇಳುವಾಗ, ಮಾಹಾತ್ಮ್ಯಜ್ಞಾನವನ್ನು ಮುಂದಿಟ್ಟುಕೊಂಡ ‘ಸುದೃಢ’ವಾದ ‘ಸ್ನೇಹ’ವೆಂದು ನಿರೂಪಿಸಿದ್ದಾರೆ. ಸ್ನೇಹಶಬ್ದಕ್ಕೆ ಪ್ರೀತಿಯೆಂದೂ ಅರ್ಥ, ಎಣ್ಣೆ ತುಪ್ಪಗಳ ಜಿಡ್ಡೆಂದೂ ಅರ್ಥ. ಜಿಡ್ಡು ದ್ರವಸ್ವಭಾವದ್ದು, ಆದರೂ ಅದಕ್ಕೆ ಸುದೃಢವೆಂಬ ವಿಶೇಷಣ. ಮಾಗಿಯ ಚಳಿಯಲ್ಲಿ ಹೆರೆತ ತುಪ್ಪವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಟ್ಟಿಯಾದಾಗಲೂ ಅದು ತುಪ್ಪವೇ. ಬಿಸಿ ಅನ್ನಕ್ಕೆ ಹಾಕಿದೊಡನೆ ಕರಗುತ್ತದೆ.

ಮೂರ್ತಿ ಎಂಬ ಶಬ್ದ

ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ‘ಘನ’ ಶಬ್ದವನ್ನು ಸಾಧಿಸುವ ಸೂತ್ರವೊಂದಿದೆ. ಹನ್ ಧಾತುವಿನಿಂದ, ಎಂದರೆ ಹೊಡೆಯುವ ಅರ್ಥದ ಧಾತುವಿನಿಂದ, ‘ಮೂರ್ತಿ’ ಎಂಬ ಅರ್ಥದಲ್ಲಿ ಘನವೆಂಬ ರೂಪವಾಗುತ್ತದೆಂದು ಅದರ ಆಶಯ. ಇಲ್ಲಿ ಮೂರ್ತಿ ಎಂದರೇನು? ಕಾಶಿಕಾವೃತ್ತಿಕಾರರು ಸ್ಪಷ್ಟವಾಗಿ, ಮೂರ್ತಿಯೆಂದರೆ ಕಾಠಿನ್ಯವೆಂದು ಹೇಳಿ, ಮೋಡದ ಮತ್ತು ಮೊಸರಿನ ಘನತೆಯನ್ನು ಉದಾಹರಿಸುತ್ತಾರೆ. ಗೃಹಿಣಿಯ ಗಟ್ಟಿ ಮೊಸರು ವ್ಯಾಕರಣಶಾಸ್ತ್ರದಲ್ಲಿಯೂ ಉದಾಹರಣೆಯಾಗಿ ಕುಳಿತಿದೆ!

ನಾವು ದಿನವೂ ದೇವರ ಮೂರ್ತಿ ಎನ್ನುತ್ತೇವೆ. ಆ ಶಬ್ದದ ವ್ಯಾಕರಣಾರ್ಥವೇ ಗಟ್ಟಿಯಾಗಿರುವಿಕೆ, ಘನೀಭಾವ. ಇದರ ಧಾತುವಿಗೆ ಎರಡು ಅರ್ಥಗಳನ್ನು ಹೇಳಿದೆ: ಮೋಹ ಮತ್ತು ಮೇಲೇರುವಿಕೆ. ಮೊದಲನೆಯದರಿಂದ ‘ಮೂರ್ಛೆ’, ಎರಡನೆಯದರಿಂದ ‘ಮೂರ್ತ’, ‘ಮೂರ್ತಿ’. ದುಃಖದಿಂದ ಎಚ್ಚರ ತಪ್ಪುವುದಕ್ಕೂ ಗರ್ಭಗುಡಿಯಲ್ಲಿ ನಿಂತ ಪ್ರತಿಮೆಗೂ ಒಂದೇ ಧಾತು. ಇಲ್ಲಿ ಸಿದ್ಧಾಂತವನ್ನು ಮರೆಯಬಾರದು. ಭಗವಂತನ ಸ್ವರೂಪವು ಜ್ಞಾನಾನಂದಮಯವಾದದ್ದು. ಶಿಲೆಯ ಕಾಠಿನ್ಯವು ಪ್ರತಿಮೆಗೆ ಸೇರಿದ್ದೇ ಹೊರತು ಅವನಿಗಲ್ಲ. ಶಿಲೆಯೇ ದೇವರೆಂದು ನಾವು ತಿಳಿಯುವುದಿಲ್ಲ. ಶಿಲೆಯಲ್ಲಿ ಅವನ ಸನ್ನಿಧಾನವನ್ನು ತಿಳಿದು ಪೂಜಿಸುತ್ತೇವೆ. ಆದರೂ ಇಷ್ಟನ್ನು ಹೇಳಬಹುದು: ಕಲ್ಲಾಗಿದೆಯೆಂಬ ಕಾರಣದಿಂದ ಯಾವುದೂ ಅವನ ಸನ್ನಿಧಾನಕ್ಕೆ ಅನರ್ಹವಾಗುವುದಿಲ್ಲ.

ಬೀದರದ ಕಲ್ಲು

ಈ ಮಾತಿಗೆ ನಮ್ಮ ಜಿಲ್ಲೆಯೇ ದೃಷ್ಟಾಂತವನ್ನು ಒದಗಿಸುತ್ತದೆ. ಔರಾದ, ಭಾಲ್ಕಿಗಳ ಕಡೆ ಕಪ್ಪು ಮಣ್ಣು, ಅದರ ಕೆಳಗೆ ಕರಿಕಲ್ಲು. ಬೀದರ ಪಟ್ಟಣವಿರುವ ಪ್ರಸ್ಥಭೂಮಿಯಲ್ಲಾದರೋ ಕೆಂಪುಕಲ್ಲು. ಇದಕ್ಕೆ ಕನ್ನಡದಲ್ಲಿ ಜಂಬಿಟ್ಟಿಗೆಯೆಂದೂ, ಕರಾವಳಿಯಲ್ಲಿ ಮುರಕಲ್ಲು, ಚಿರೆಕಲ್ಲು ಎಂದೂ ಹೆಸರುಗಳಿವೆ. ಉಡುಪಿಯ ಯಾತ್ರೆಯನ್ನು ಮಾಡಿದವರು ಅಲ್ಲಿಯ ಮನೆಗಳ ಗೋಡೆಗಳಲ್ಲಿ ಇದನ್ನು ಕಂಡಿರಬಹುದು. ಜಂಬಿಟ್ಟಿಗೆಯ ಉತ್ತರಭಾಗವು ‘ಇಟ್ಟಿಗೆ’. ಅದು ಯಜ್ಞವೇದಿಯನ್ನು ಕಟ್ಟುವ ‘ಇಷ್ಟಕಾ’ ಶಬ್ದದ ತದ್ಭವ. ಫ್ರಾನ್ಸಿಸ್ ಬುಕನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನು ಶ್ರೀರಂಗಪಟ್ಟಣದ ಪತನದ ನಂತರ, ೧೮೦೦-೦೧ರಲ್ಲಿ, ಮೈಸೂರು ಕನ್ನಡ ಮಲಬಾರ ಸೀಮೆಗಳಲ್ಲಿ ಸಂಚರಿಸಿ, ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕನ್ನಡಿಗರು ಕಂಡದ್ದನ್ನೇ ಅವನೂ ಕಂಡನು.

ಈ ಕಲ್ಲಿನ ಸ್ವಭಾವವು ಅಪೂರ್ವವಾದದ್ದು. ನೆಲದೊಳಗೆ ತೇವದಿಂದಿರುವಾಗ ಇದು ಮೃದುವಾಗಿದ್ದು ಕಬ್ಬಿಣದ ಆಯುಧದಿಂದ ಇಟ್ಟಿಗೆಯ ಆಕಾರದಲ್ಲಿ ಕಡಿಯಲು ಬರುತ್ತದೆ. ಹೊರಗೆ ತೆಗೆದು ಗಾಳಿ ಬಿಸಿಲುಗಳಿಗೆ ಒಡ್ಡಿದರೆ ಒಳಗಿನ ನೀರು ಆರಿ, ಕಬ್ಬಿಣದ ಅಂಶಗಳು ಹರಳುಗಟ್ಟಿ, ಕ್ರಮೇಣ ಗಟ್ಟಿಯಾಗುತ್ತದೆ. ಯಾವ ಮಳೆ ಬಿಸಿಲುಗಳು ಬೇರೆಯದನ್ನು ಸವೆಸುವುವೋ ಅವೇ ಇದನ್ನು ಬಲಿಸುತ್ತವೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದಾಗ, ಕೋಟೆಯ ಸುತ್ತಣ ಕಂದಕವನ್ನು, ಕೆಲವು ಕಡೆ ಮೂರು ಸಾಲಾಗಿ, ಈ ಕಲ್ಲಿನಲ್ಲಿಯೇ ಕಡಿಸಿದರು. ಅದು ಇಂದಿಗೂ ನಿಂತಿದೆ.

ಇಷ್ಟು ಗಟ್ಟಿಯಾದರೂ ಈ ಕಲ್ಲಿನ ಮೈಯೆಲ್ಲ ತೂತು. ಮಳೆಯ ನೀರು ಇದರೊಳಗೆ ಇಂಗಿ, ಕೆಳಗಿನ ಪದರದಲ್ಲಿ ನಿಂತು, ಬದಿಗಳಲ್ಲಿ ಒಸರುತ್ತದೆ. ನೌಬಾದದ ಹತ್ತಿರ ಈ ನೀರನ್ನು ಹಿಡಿಯಲು ನೆಲದೊಳಗೆ ಸುರಂಗಕಾಲುವೆಯನ್ನು ಕೊರೆದಿದ್ದಾರೆ. ಇನ್ನು ಝರಣಿ ನರಸಿಂಹಸ್ವಾಮಿಯ ಗುಹೆಯನ್ನು ವಾಚಕರಲ್ಲಿ ಬಹುಮಂದಿ ದರ್ಶಿಸಿರಬಹುದು. ಕಗ್ಗತ್ತಲೆಯ ಸುರಂಗ, ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು, ತುದಿಯಲ್ಲಿ ಉಗ್ರನರಸಿಂಹನ ಸನ್ನಿಧಿ. ಅಲ್ಲಿಗೆ ಹೋಗುವವರು ಕಲ್ಲನ್ನು ಹೊಕ್ಕು, ನೀರಿನಲ್ಲಿ ನಡೆದು, ದೇವರನ್ನು ಕಾಣುತ್ತಾರೆ. ಕಲ್ಲೆಂದರೆ ನೀರಿಲ್ಲದ್ದೆಂದು ಬೀದರದವರು ಹೇಳಲಾರರು.

ಸ್ತಬ್ಧ ಮತ್ತು ಸ್ತಂಭ

ಇನ್ನು ಜಯಂತಿಯ ಪ್ರಕೃತ ವಿಷಯಕ್ಕೆ ಬರೋಣ. ನರಸಿಂಹನು ಪ್ರಕಟವಾದದ್ದು ‘ಸ್ತಂಭ’ದಲ್ಲಿ, ಕನ್ನಡದ ‘ಕಂಬ’ವೂ ಇದಕ್ಕೆ ನಂಟಿನ ಶಬ್ದವೇ. ಸ್ತಂಭಧಾತುವಿಗೆ ಆನಿಸಿ ನಿಲ್ಲಿಸುವುದು, ಅಲುಗದಂತೆ ಬಿಗಿಯಾಗುವುದು ಎಂದು ಅರ್ಥ. ಇದರಿಂದಲೇ ಸ್ತಂಭನ, ಸ್ತಂಭೀಭೂತ, ಸ್ತಬ್ಧ ಎಂಬ ಶಬ್ದಗಳಾಗಿವೆ. ಸ್ತಬ್ಧನೆಂದರೆ ಇಂದು ಸುಮ್ಮನಾದವನೆಂದು ತಿಳಿಯುತ್ತೇವೆ. ಗೀತೆಯಲ್ಲಿ ಹಾಗಲ್ಲ. ಹದಿನಾರನೆಯ ಅಧ್ಯಾಯದಲ್ಲಿ ಆಸುರಸ್ವಭಾವದವರಿಗೂ, ಹದಿನೆಂಟನೆಯದರಲ್ಲಿ ತಾಮಸ ಕರ್ತೃವಿಗೂ ಈ ವಿಶೇಷಣವನ್ನು ಕೊಟ್ಟಿದೆ. ಅಲ್ಲಿ ಸ್ತಬ್ಧನೆಂದರೆ ಬಗ್ಗಲಾರದವನು, ಗರ್ವದಿಂದ ಸೆಟೆದವನು. ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪುವು ಸಿಂಹಾಸನದಿಂದೆದ್ದು ತನ್ನ ಮುಷ್ಟಿಯಿಂದ ಕಂಬವನ್ನು ಹೊಡೆಯುತ್ತಾನೆ. ಸ್ತಬ್ಧನು ಸ್ತಂಭವನ್ನು ಹೊಡೆದನು. ಧಾತು ಒಂದೇ, ಬಿಗಿಯು ಎರಡರಲ್ಲಿಯೂ ಉಂಟು. ಆದರೆ ಕಂಬದೊಳಗೆ ಭಗವಂತನಿದ್ದಾನೆಂದು ಪ್ರಹ್ಲಾದನು ಅರಿತಿದ್ದನು, ಅಸುರನು ಅರಿಯದಾದನು.

ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿಯೂ ಈ ಶಬ್ದವು ಬರುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋದ ಶ್ವೇತಕೇತುವು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಲ್ಲ ವೇದಗಳನ್ನೂ ಓದಿ ಮನೆಗೆ ಬಂದಾಗ ಉಪನಿಷತ್ತು ಅವನನ್ನು ‘ಸ್ತಬ್ಧ’ನೆಂದು ಕರೆಯುತ್ತದೆ. ಓದಿ ಬಂದ ಮಗನ ಸೆಟೆತನವನ್ನು ತಂದೆಯಾದ ಉದ್ದಾಲಕನು ಒಂದೇ ನೋಟದಲ್ಲಿ ಕಂಡುಕೊಂಡನು. ಬೈಯಲಿಲ್ಲ, ಮಣ್ಣಿನ ಉಂಡೆ, ಆಲದ ಹಣ್ಣು, ನೀರಿಗೆ ಹಾಕಿದ ಉಪ್ಪಿನ ಹರಳು ಇವುಗಳನ್ನು ತೋರಿಸಿ ತಿಳಿಹೇಳಿದನು. ಈ ಭಾಗವನ್ನು ನಾನು ಎಷ್ಟೋ ಸಲ ಓದಿದ್ದೆನು, ಪರೀಕ್ಷೆಯಲ್ಲಿ ಬರೆದಿದ್ದೆನು. ಆ ವೃದ್ಧೆಗೆ ಉತ್ತರವಿತ್ತ ರಾತ್ರಿ ಮಾತ್ರ ಅದು ನನ್ನನ್ನೇ ಕುರಿತದ್ದೆಂದು ತಿಳಿಯಿತು. ಆ ಸಂಜೆ ಗುಡಿಯಲ್ಲಿ ಗೀತೆಯು ನಿಂದಿಸುವ ಕಾಠಿನ್ಯವೊಂದಿದ್ದರೆ ಅದು ಕೇಳಿದವರಲ್ಲಿರಲಿಲ್ಲ, ಹೇಳಿದವನಲ್ಲಿತ್ತು.

ಹಾಗಾದರೆ ಆಕೆಯಲ್ಲಿದ್ದುದು ಯಾವುದು? ಇದಕ್ಕೂ ಶಾಸ್ತ್ರದಲ್ಲಿ ಹೆಸರುಂಟು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕಭಾವಗಳನ್ನು ಎಣಿಸುತ್ತಾನೆ. ಬೆವರು, ರೋಮಾಂಚ, ಗದ್ಗದಸ್ವರ, ನಡುಕ, ಕಣ್ಣೀರು ಇವೆಲ್ಲ ಅದರಲ್ಲಿ ಸೇರಿವೆ. ಆ ಪಟ್ಟಿಯಲ್ಲಿ ‘ಸ್ತಂಭ’ವೂ ಒಂದು. ಹರ್ಷ, ಭಯ, ಶೋಕ, ವಿಸ್ಮಯ ಮೊದಲಾದವುಗಳಿಂದ ಮೈಮನಗಳು ಚಲನೆಯನ್ನು ಕಳೆದುಕೊಂಡು ಕಂಬದಂತೆ ನಿಂತುಬಿಡುವುದೇ ಸ್ತಂಭ. ಕಣ್ಣೀರು ಯಾವ ಪಂಕ್ತಿಯಲ್ಲಿದೆಯೋ ಸ್ತಂಭವೂ ಅದೇ ಪಂಕ್ತಿಯಲ್ಲಿದೆ. ಅತ್ತವರ ದುಃಖ ಹೆಚ್ಚಿನದು, ಅಳದವರ ದುಃಖ ಕಡಿಮೆಯದೆಂದು ಶಾಸ್ತ್ರವು ಹೇಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಎದೆಯು ಕಲ್ಲಾದದ್ದು ಪ್ರೀತಿಯಿಲ್ಲದ್ದರಿಂದಲ್ಲ, ಪ್ರೀತಿಯು ಹರಿಯಲು ದಾರಿಯಿಲ್ಲದೆ ನಿಂತು ಹೆಪ್ಪುಗಟ್ಟಿದ್ದರಿಂದ. ಅದು ಗಡಸಲ್ಲ, ಪಾರುಷ್ಯವಲ್ಲ, ಸ್ತಬ್ಧತೆಯೂ ಅಲ್ಲ.

ಉಪಸಂಹಾರ

ಇಷ್ಟರಿಂದ ನಿಷ್ಪನ್ನವಾದದ್ದೇನೆಂದರೆ: ಕಾಠಿನ್ಯವು ಒಂದೇ ಬಗೆಯದಲ್ಲ. ಬೆಳೆದು ಗಟ್ಟಿಯಾದದ್ದು ಒಂದು. ಬಲಿತ, ಕಠೋರ, ದೃಢ ಎಂಬವು ಅದನ್ನು ಹೇಳುತ್ತವೆ. ನಿಂತು ಗಟ್ಟಿಯಾದದ್ದು ಇನ್ನೊಂದು. ಹೆಪ್ಪು, ಘನ, ಮೂರ್ತಿ, ಸ್ತಂಭ ಎಂಬವು ಅದನ್ನು ಹೇಳುತ್ತವೆ. ಬಗ್ಗಲಾರದೆ, ಬೆರೆಯಲಾರದೆ ಗಟ್ಟಿಯಾದದ್ದು ಮೂರನೆಯದು. ಗಡಸು, ಪರುಷ, ಸ್ತಬ್ಧ ಎಂಬವು ಅದರ ಹೆಸರುಗಳು. ಗೀತೆಯು ನಿಂದಿಸುವುದು ಮೂರನೆಯದನ್ನು ಮಾತ್ರ. ಒಬ್ಬರ ಎದೆಯು ಕಲ್ಲಾಗಿದೆಯೆಂದು ಕೇಳಿದಾಗ ಅದು ಇವುಗಳಲ್ಲಿ ಯಾವುದೆಂದು ವಿಚಾರಿಸದೆ ಉತ್ತರ ಕೊಡಬಾರದು. ಮನೆಯಲ್ಲಿ ಹಿರಿಯರೋ ಕಿರಿಯರೋ ಶೋಕದಿಂದ ಮಾತು ನಿಲ್ಲಿಸಿದಾಗ ಅವರನ್ನು ಕಲ್ಲುಮನಸ್ಸಿನವರೆಂದು ಹಳಿಯುವುದು ನಮ್ಮಲ್ಲಿ ನಡೆದುಬಂದಿದೆ. ಹಳಿಯುವ ಮೊದಲು ಈ ವಿವೇಕವನ್ನು ಮಾಡುವುದು ಯುಕ್ತ.

ಮುಂದಿನ ಏಕಾದಶಿಗೆ ಮೊದಲು ನಾನು ಆ ವೃದ್ಧೆಯ ಮನೆಗೆ ಹೋಗಿ, ನನ್ನ ಉತ್ತರವು ತಪ್ಪಾಗಿತ್ತೆಂದು ಹೇಳಿದೆನು. ಪಾಣಿನಿಯನ್ನೂ ಭರತನನ್ನೂ ಹೇಳಲಿಲ್ಲ; ಝರಣಿಯ ಕಲ್ಲನ್ನೂ ಕಂಬವನ್ನೂ ಮಾತ್ರ ಹೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಾ ಗುಡಿಗಿ ಬಂದು ಸುಮ್ಮ ಕುಂತರ ನಡೀತದೇನ್ರಿ?” ಎಂದು ಕೇಳಿದರು. “ನಡೀತದ್ರಿ, ಬರ್ರಿ” ಎಂದೆನು.

ಆಕೆ ಇಂದಿಗೂ ಬರುತ್ತಾರೆ. ಕಂಬಕ್ಕೆ ಒರಗಿ ಕುಳಿತು ಮಂಗಳಾರತಿಯವರೆಗೆ ಇದ್ದು ತೀರ್ಥವನ್ನು ತೆಗೆದುಕೊಂಡು ಹೋಗುತ್ತಾರೆ. ಹೋದ ಜಯಂತಿಯಂದು ಪಾನಕವನ್ನೂ ತೆಗೆದುಕೊಂಡರು. ನಮ್ಮ ತಂದೆಯವರು ತಾವೇ ಲೋಟವನ್ನು ತುಂಬಿ ಕೊಟ್ಟರು.

ಶಬ್ದಗಳಲ್ಲಿ ದೋಷವೇನಾದರೂ ಇದ್ದರೆ ಬಲ್ಲ ಹಿರಿಯರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥